ಬ್ಯಾರನ್ನಿನಲ್ಲಿ ಬೆಂದ ಬೇಲಿ ಯಂತ್ರಗಳು

ನನ್ನ ಹೆಂಡತಿ ಬೇಲಿ ಯಂತ್ರ ತಯಾರಿಸುತ್ತಿದ್ದಳು. ಹೀಗೆಂದ ಕೂಡಲೇ ಬೇಲಿ ಹೆಣೆಯುವ ಯಂತ್ರವೇ ಎಂದು ಕೇಳುವವರು ಈಗಲೂ ಇದ್ದಾರೆ. ಅಲ್ಲ. ಹೊಲದ ಸುತ್ತ ಕಂಬ ನೆಟ್ಟು ತಂತಿ ಎಳೆದಿರುತ್ತಾರೆ. ಆ ತಂತಿಗೆ ಉಸಿರಿಗೊಮ್ಮೆ ಎಂಬಂತೆ ವಿದ್ಯುತ್ತಿನ ಒಂದು ಪೆಟ್ಟು ಕೊಡುತ್ತಿರುವ ಸಣ್ಣ ಪ್ಲಾಸ್ಟಿಕ್ ಡಬ್ಬ ಅದು. ಬ್ಯಾಟರಿಯಿಂದ ನಡೆಯುತ್ತದೆ, ಬ್ಯಾಟರಿಗೆ ಬಿಸಿಲಿನಿಂದ ಚಾರ್ಜು ಆಗುತ್ತದೆ. ಪೆಟ್ಟು ಬಿದ್ದಾಗಲೆಲ್ಲ ಟಕ್ ಎಂದು ಸದ್ದು ಮಾಡಿ ಒಂದು ಕೆಂಪು ದೀಪ ಮಿನುಗುತ್ತದೆ. ತಂತಿ ಮುಟ್ಟಿದ ಮನುಷ್ಯ ಹಿಂದಕ್ಕೆ ಹಾರಿ ಬೀಳುತ್ತಾನೆ, ಆದರೆ ಸಾಯುವುದಿಲ್ಲ. ಆನೆಯೂ ಸಾಯುವುದಿಲ್ಲ. ಅದರ ಉಪಯೋಗವೇ ಅದು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾವು ಹುಣಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ನನ್ನ ಹೆಂಡತಿಯ ತವರು ಸಾಲಿಗ್ರಾಮದ ಕಡೆ. ಡಿಪ್ಲೊಮಾ ಓದಿ, ಮದುವೆಗೆ ಮೊದಲು ಮೈಸೂರಿನ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದ್ದಳು. ಮದುವೆಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಉದ್ದನೆಯ ಮೇಜು ಹಾಕಿಸಿ, ಓಣಿಯ ಇಬ್ಬರು ಹುಡುಗಿಯರಿಗೆ ಬೆಸುಗೆ ಹಾಕುವುದು ಕಲಿಸಿ, ಈ ಯಂತ್ರಗಳ ಕೆಲಸ ಶುರು ಮಾಡಿದಳು. ಮನೆಗೆ ಬಂದ ನೆಂಟರು ಕುರ್ಚಿಯ ಮೇಲೆ ಕೂರುವ ಮುಂಚೆ ಅಲ್ಲಿ ತಂತಿ ಗಿಂತಿ ಇದೆಯೇ ಎಂದು ಕೈಯಾಡಿಸಿ ನೋಡುವುದು ರೂಢಿಯಾಯಿತು.

ಮೊದಲ ಸಲ ಅವಳು ಯಂತ್ರ ಕೊಟ್ಟದ್ದು ಎಚ್.ಡಿ. ಕೋಟೆ ಕಡೆಯ ಒಂದು ಕಾಡಂಚಿನ ಹಳ್ಳಿಗೆ. ಪ್ರತಿಯೊಂದನ್ನೂ ಮೇಜಿನ ಮೇಲೆ ಒಂದಷ್ಟು ಹೊತ್ತು ನಡೆಸಿ ನೋಡಿ, ಸರಿಯಿದೆ ಎಂದು ಕಳಿಸಿದ್ದಳು. ಹದಿನೈದು ದಿನ ಆಗಿರಬೇಕು. ಒಂದು ಬೆಳಿಗ್ಗೆ ಆ ಹಳ್ಳಿಯಿಂದ ಒಬ್ಬ ಹೆಂಗಸು ಬಂದರು. ಕಾಡಿಗೆ ತಗುಲಿಕೊಂಡಂತೆ ಇರುವ ಮೊದಲ ಹೊಲ ಅವರದು. ಊರಿನ ಪರವಾಗಿ ಯಂತ್ರ ಗೊತ್ತು ಮಾಡಿದವರೂ ಅವರೇ. ಐವತ್ತು ದಾಟಿದ, ನೆಟ್ಟಗೆ ನಿಲ್ಲುವ ಹೆಂಗಸು. ಗೊಬ್ಬರದ ಚೀಲದಿಂದ ನಾಲ್ಕು ಡಬ್ಬ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ತಕಳವ್ವ ನಿನ್ನ ಮಕ್ಕಳ್ನ. ನಾಕೂ ಉಸಿರಾಡ್ತಾ ಇಲ್ಲ."

ನನ್ನ ಹೆಂಡತಿ ಒಂದನ್ನು ಕಿವಿಯ ಹತ್ತಿರ ಹಿಡಿದಳು. ನಾನು ನೀರು ತಂದುಕೊಟ್ಟೆ. ಆ ತಾಯಿ ನೀರು ಕುಡಿದು ನನ್ನನ್ನು ನೋಡಿದರು.

"ಮೇಷ್ಟ್ರೇ, ನಿಮ್ಮ ಸ್ಕೂಲಲ್ಲಿ ನಾಕು ಜನ ಫೇಲಾದ್ರೆ ಏನ್ಮಾಡ್ತೀರಿ?"

"ಮತ್ತೊಂದು ಸಲ ಪರೀಕ್ಷೆಗೆ ಕೂರಿಸ್ತೀವಿ."

"ನಮ್ಮೂರಲ್ಲೂ ಅಂಗೇ ಅಂದವ್ರೆ. ಇನ್ನೊಂದ್ ಸಲ ನೋಡಾನ, ಎಣ್ಣೆಂಗ್ಸು ಕಷ್ಟಪಟ್ಟು ಮಾಡವ್ಳೆ ಅಂತ. ಆದ್ರೆ ಒಂದ್ ಮಾತು ಕೇಳವ್ವ. ರಾಗಿ ತೆನೆ ಬಿಡೋ ಒತ್ತಿಗೆ ಸರಿಯಾದ ಮಿಷಿನ್ ಬರ್ಬೇಕು. ಅವೂ ಇಂಗೇ ಸತ್ರೆ, ಗಂಡಸ್ರು ಕಂಬದಿಂದ ನೇರವಾಗಿ ಕರೆಂಟ್ ಎಳೀತೀವಿ ಅಂತ ಕುಂತವ್ರೆ. ಆಮ್ಯಾಲೆ ನಾನು ತಡದ್ರೂ ನಿಲ್ಲಾಕಿಲ್ಲ."

ಇಲ್ಲಿ ನಾನು ಕಂಡ ಒಂದು ವಿಷಯ ಹೇಳಬೇಕು. ಅದಕ್ಕೆ ಹಿಂದಿನ ವರ್ಷ ಬೇರೆ ಒಂದು ಹಳ್ಳಿಯಲ್ಲಿ ಯಾರೋ ಹಂದಿ ಕಾಟಕ್ಕೆಂದು ಬೇಲಿಗೆ ಲೈನ್ ಕರೆಂಟು ಕೊಟ್ಟಿದ್ದರು. ಶಾಲೆಯ ಕೆಲಸದ ಮೇಲೆ ಆ ದಾರಿಯಲ್ಲಿ ಹೋಗುತ್ತಿದ್ದಾಗ ಜನ ಗುಂಪುಗೂಡಿದ್ದರು. ಹೋಗಿ ನೋಡಿದೆ. ಬೇಲಿಯ ಪಕ್ಕ ಒಂದು ಎತ್ತು ಮಲಗಿತ್ತು. ಅದರ ಬಾಯಲ್ಲಿ ಇನ್ನೂ ಹಸಿ ಹುಲ್ಲಿತ್ತು, ಅಗಿದದ್ದು ಅರ್ಧ, ಅಗಿಯದ್ದು ಅರ್ಧ. ಮೈಮೇಲೆ ಎಲ್ಲೂ ಗಾಯವಿರಲಿಲ್ಲ. ಅದರ ಹಗ್ಗ ಹಿಡಿದು ಬರುತ್ತಿದ್ದವನು ಹಗ್ಗ ಜಾರಿದ್ದರಿಂದ ಉಳಿದಿದ್ದ. ಇಷ್ಟೇ ನಾನು ನೋಡಿದ್ದು. ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದ್ದೆ. ಹಾಗಾಗಿ ಆ ತಾಯಿ ಕಂಬದ ಮಾತೆತ್ತಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವರು ಹೋದ ಮೇಲೆ ಅವಳು ನಾಲ್ಕೂ ಡಬ್ಬ ಬಿಚ್ಚಿದಳು. ಒಂದರಲ್ಲಿ ಬೆಸುಗೆ ಬಿಟ್ಟಿತ್ತು. ಇನ್ನುಳಿದವುಗಳಲ್ಲಿ ಕೊಂಡು ತಂದ ಯಾವುದೋ ಬಿಡಿಭಾಗವೇ ಕೈಕೊಟ್ಟಿತ್ತು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಸಾಯೋದು ಮೊದಲ ವಾರದಲ್ಲೇ ಸಾಯುತ್ತೆ ರೀ. ಆ ವಾರ ದಾಟಿದ್ದು ವರ್ಷಗಟ್ಟಲೆ ಬಾಳುತ್ತೆ. ಕಾರ್ಖಾನೆಯಲ್ಲಿ ಆ ಮೊದಲ ವಾರಾನ ನಾವೇ ಕಳೆದುಬಿಡ್ತಿದ್ದೆವು. ಬಿಸಿ ಕೋಣೆಯಲ್ಲಿ ಎಲ್ಲವನ್ನೂ ಸಾಲಾಗಿ ಇಟ್ಟು ನಡೆಸೋದು. ಬಿಸಿಯಲ್ಲಿ ಮೆತ್ತಗಿರೋದು ಬೇಗ ಸಾಯುತ್ತೆ. ಉಳಿದಿದ್ದನ್ನ ಕಳಿಸೋದು."

"ನಮ್ಮ ಅಡುಗೆಮನೆಯಲ್ಲಿ ಇಡೋಣವೇ?"

"ಅಷ್ಟು ಡಬ್ಬ ಇಟ್ಟರೆ ನಿಮಗೆ ಮುದ್ದೆ ಯಾರು ತೊಳಸ್ತಾರೆ? ಒಂದೇ ಸಮನೆ ಬಿಸಿ ನಿಲ್ಲೋ ಕೋಣೆ ಬೇಕು. ಹಗಲು ರಾತ್ರಿ ಒಂದೇ ಬಿಸಿ."

ಹಗಲು ರಾತ್ರಿ ಒಂದೇ ಬಿಸಿ ನಿಲ್ಲುವ ಕೋಣೆ ನಮ್ಮ ಸೀಮೆಯಲ್ಲಿ ಊರೂರಿಗೆ ಇದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್. ಗಾವಡಗೆರೆ ಕಡೆ ನನ್ನ ಸೋದರಮಾವನದೇ ಒಂದಿತ್ತು. ಅದನ್ನು ನೋಡದವರಿಗೆ ಹೇಳುವುದಾದರೆ, ಎತ್ತರದ ಚೌಕ ಕಟ್ಟಡ, ಕಿಟಕಿ ಇಲ್ಲ. ಒಲೆಯ ಬಾಯಿ ಹೊರಗಿರುತ್ತದೆ. ಉರಿಯ ಬಿಸಿ ನೆಲದ ಮೇಲೆ ಹಾಸಿದ ದಪ್ಪ ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಸುತ್ತಿ ಹೊರಗೆ ಹೋಗುತ್ತದೆ. ಒಳಗೆ ಸಾಲಿನ ಮೇಲೆ ಸಾಲಾಗಿ ಮರದ ಅಡ್ಡೆಗಳು. ಎಲೆ ಕಟ್ಟಿದ ಕೋಲುಗಳನ್ನು ಅವುಗಳ ಮೇಲೆ ತೂಗುಹಾಕುತ್ತಾರೆ. ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜು, ಅದರ ಹಿಂದೆ ಥರ್ಮಾಮೀಟರು. ಬಾಗಿಲು ತೆರೆಯದೆ ಗಾಜಿಗೆ ಕಣ್ಣಿಟ್ಟು ಒಳಗಿನ ಬಿಸಿ ನೋಡಬಹುದು. ಆ ವರ್ಷದ ಕೊನೆಯ ಎಲೆ ಇಳಿಸಿ ಬ್ಯಾರನ್ ಖಾಲಿ ಬಿದ್ದಿತ್ತು.

ಭಾನುವಾರ ಇಬ್ಬರೂ ಹೋಗಿ ಮಾವನಿಗೆ ವಿಷಯ ಹೇಳಿದೆವು. ಮಾವ ಬಾಯಿಬಿಟ್ಟು ಕೇಳಿಸಿಕೊಂಡ.

"ಏನ್ಲಾ ಅಳಿಯ, ಮಿಷಿನ್‌ಗೂ ಜ್ವರ ಬರುಸ್ಬೇಕಾ?"

"ಹೌದು ಮಾವ. ಜ್ವರ ತಡೆಯದ್ದನ್ನ ಇಲ್ಲೇ ಬಿಟ್ಟು, ತಡೆದದ್ದನ್ನ ಕಳಿಸೋದು" ಎಂದಳು ನನ್ನ ಹೆಂಡತಿ.

"ಇದೇನ್ ಹೊಸ್ದಾ ಕಣವ್ವ? ಸಸಿ ನೆಟ್ಟ ಒಂದ್ ವಾರ ಕಾಯಾಕಿಲ್ವಾ? ಓಗೋ ಸಸಿ ಆಗ್ಲೇ ಓಯ್ತದೆ. ಬುಡು, ಬ್ಯಾರನ್ ನಿಂದೇ ಅನ್ಕೋ. ಸೌದೆ ಮಿಕ್ಕದೆ. ಉರಿ ಕಾಯಾಕೆ ನಾನಿವ್ನಿ."

ಅವಳು ಮಾಡಿಟ್ಟಿದ್ದ ಹೊಸ ಯಂತ್ರಗಳನ್ನೆಲ್ಲ ಹೊತ್ತುಕೊಂಡು ಹೋಗಿ ಎಲೆ ಕಟ್ಟುವ ಕೋಲುಗಳಿಗೇ ಕಟ್ಟಿ ತೂಗುಹಾಕಿದೆವು. ಬ್ಯಾಟರಿ ಹೊರಗೆ, ತಂತಿ ಗೋಡೆಯ ಗಾಳಿಗಂಡಿಯಿಂದ ಒಳಗೆ. ಮಾವ ಕೆಳಗೆ ನಿಂತು ಒಂದೊಂದು ಕೋಲನ್ನೂ ನೋಡಿ ಹೇಳುತ್ತಿದ್ದ, "ಎಲೆ ಕಟ್ಟೋ ಕೋಲಿಗೆ ಡಬ್ಬ ಕಟ್ತೀರಲ್ಲ, ನಮ್ಮಪ್ಪ ನೋಡಿದ್ರೆ ಇನ್ನೊಂದ್ ಸಲ ಸಾಯೋನು." ಆದರೂ ಒಲೆ ಹೊತ್ತಿಸುವ ಮುನ್ನ ಪ್ರತಿ ಸಲ ಮಾಡುವಂತೆ ಒಲೆಯ ಬಾಯಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದ. ಬಾಗಿಲು ಮುಚ್ಚಿದ ಮೇಲೆ ಒಬ್ಬೊಬ್ಬರಾಗಿ ಗಾಜಿಗೆ ಕಣ್ಣಿಟ್ಟೆವು. ಕತ್ತಲಲ್ಲಿ ಕೆಳಗಿಂದ ಮೇಲಿನವರೆಗೂ ಕೆಂಪು ಚುಕ್ಕಿಗಳು, ಒಂದು ಮಿನುಗಿದಾಗ ಇನ್ನೊಂದು ಆರಿ. ಟಕಟಕ ಸದ್ದು ಗೋಡೆಯ ಆಚೆಗೂ ಕೇಳುತ್ತಿತ್ತು. ಮಾವ ತುಂಬ ಹೊತ್ತು ಗಾಜು ಬಿಟ್ಟು ಕದಲಲಿಲ್ಲ.

"ಮಾವ, ನೂರಿಪ್ಪತ್ತು. ಅದಕ್ಕಿಂತ ಮೇಲೆ ಬೇಡ" ಎಂದಳು ಹೆಂಡತಿ. ಬ್ಯಾರನ್ನಿನ ಥರ್ಮಾಮೀಟರು ಫ್ಯಾರನ್‌ಹೀಟಿನದು. ಹೊಗೆಸೊಪ್ಪಿಗೆ ಅಲ್ಲಿಂದ ಮೇಲಕ್ಕೂ ಏರಿಸುವುದುಂಟು.

"ಕಣ್ಣು ಮುಚ್ಕೊಂಡು ನಿಲ್ಲಿಸ್ತೀನಿ ಕಣವ್ವ. ನೀ ಓಗಿ ಬಾ."

ಅವಳು ಬೇಲಿಯ ತಂತಿ, ಅದನ್ನು ಕಂಬಕ್ಕೆ ಸಿಕ್ಕಿಸುವ ಹಿಡಿಗಳನ್ನು ತರಲು ಮೈಸೂರಿಗೆ ಹೋಗಬೇಕಿತ್ತು. ನನಗೆ ಶಾಲೆಯಲ್ಲಿ ಅರ್ಧ ವಾರ್ಷಿಕ ಪರೀಕ್ಷೆ. ಮೊದಲ ಎರಡು ಮೂರು ದಿನ ಸಂಜೆ ನಾನು ಬಸ್ಸು ಹತ್ತಿ ಹೋಗಿ ನೋಡಿ ಬಂದೆ. ಥರ್ಮಾಮೀಟರು ನೂರಿಪ್ಪತ್ತರಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ಕೆಲವು ದೀಪ ಆರಿದ್ದವು. ಅವು ಸತ್ತವು. ಹೆಂಡತಿಗೆ ಹೇಳಿದಾಗ ಅವಳಿಗೆ ಸಂತೋಷವಾಯಿತು. ಹೊಲದಲ್ಲಿ ಸಾಯಬೇಕಾದ್ದು ಮಾವನ ಮನೆಯಲ್ಲಿ ಸತ್ತಿತು ಎಂದಳು. ಆಮೇಲೆ ಉತ್ತರಪತ್ರಿಕೆಗಳ ರಾಶಿ ಬಂದು ನಾನು ಹೋಗಲಾಗಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಹೋದೆವು. ಬಸ್ಸಿಳಿದು ಹೊಲದ ದಾರಿ ಹಿಡಿದಾಗಲೇ ಬ್ಯಾರನ್ನಿನ ಮೇಲೆ ದಟ್ಟ ಹೊಗೆ ಕಂಡಿತು. ನನ್ನ ಹೆಂಡತಿ ನಿಂತಳು. ಮೂಗು ಏರಿಸಿದಳು. ರಸ್ತೆಗೆ ಟಾರು ಹಾಕುವಾಗ ಬರುವ ವಾಸನೆ ಬರುತ್ತಿತ್ತು. ಆಮೇಲೆ ಅವಳು ನಡೆಯಲಿಲ್ಲ, ಓಡಿದಳು.

ಮಾವ ಒಲೆಯ ಮುಂದೆ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದ. ಮುಖದಲ್ಲಿ ಮನೆ ಮದುವೆ ಮಾಡಿ ಮುಗಿಸಿದವನ ಆಯಾಸ ಮತ್ತು ಗೆಲುವು.

"ಬಂದ್ಯಾ ಕಣವ್ವ. ಸರಿಯಾದ ಒತ್ತಿಗೆ ಬಂದೆ. ಈಗ ತಾನೇ ಹದಕ್ಕೆ ಬಂತು."

ಅವಳು ಬಾಗಿಲು ತೆಗೆದಳು. ನಾನು ಅವಳ ಹಿಂದಿದ್ದೆ, ನನಗೆ ಕಂಡದ್ದು ಹೀಗೆ. ಮೊದಲು ಬಿಸಿ ಬಂದು ಮುಖಕ್ಕೆ ಬಡಿಯಿತು, ಕನ್ನಡಕ ಸುಟ್ಟಂತಾಗಿ ತೆಗೆದುಬಿಟ್ಟೆ. ಮತ್ತೆ ಹಾಕಿಕೊಂಡಾಗ ಕೆಳಗಿನ ಸಾಲು ಕಾಣಿಸಿತು. ಡಬ್ಬಗಳು ಡಬ್ಬಗಳ ಆಕಾರದಲ್ಲಿರಲಿಲ್ಲ. ಬಿಸಿಲಿಗಿಟ್ಟ ಬೆಲ್ಲದ ಅಚ್ಚಿನಂತೆ ಕುಸಿದು, ಕೆಲವು ಉದ್ದಕ್ಕೆ ಇಳಿಬಿದ್ದಿದ್ದವು. ಒಳಗಿನ ಭಾಗಗಳಿಗೆ ನೀರು ತಾಗದಂತೆ ನಾವು ತುಂಬಿದ್ದ ಡಾಂಬರು ಕಪ್ಪು ದಾರವಾಗಿ ನೆಲದವರೆಗೆ ಇಳಿದಿತ್ತು. ನಡುವಿನ ಸಾಲಿನ ಡಬ್ಬಗಳು ಸೊಟ್ಟಗಾಗಿದ್ದವು, ಒಂದೂ ಇನ್ನೊಂದರಂತಿಲ್ಲ. ಮೇಲಿನ ಸಾಲಿನವು ಒಂದಿಷ್ಟು ಬಾಗಿದ್ದವು. ಥರ್ಮಾಮೀಟರು ನೂರ ಅರವತ್ತರ ಹತ್ತಿರ ಇತ್ತು.

"ಮಾವ, ಏನಾಯ್ತು?" ಅವಳ ದನಿ ತೀರ ಸಣ್ಣಗಿತ್ತು.

"ಏನಾಗ್ಬೇಕು? ನೀ ಏಳಿದಂಗೆ ನಿಲ್ಲಿಸಿದ್ದೆ ಕಣವ್ವ. ಮೊನ್ನೆ ನೋಡ್ತೀನಿ, ಕೆಳಗಿನ ಸಾಲಲ್ಲಿ ಒಸಿ ಕರ್ರಗೆ ರಸ ತೊಟ್ಟಿಕ್ತಾ ಅದೆ. ಅಯ್ಯೋ, ದಂಟಲ್ಲಿ ಇನ್ನೂ ಅಸಿ ಅದೆ, ಇಂಗೇ ಇಳಿಸಿದ್ರೆ ಬೂಸ್ಲು ಇಡಿತದೆ ಅಂತ ಉರಿ ಏರಿಸ್ದೆ. ಏರಿಸ್ದಂಗೆಲ್ಲ ಜಾಸ್ತಿ ತೊಟ್ಟಿಕ್ತು. ಇನ್ನೂ ಅಸಿ ಅದೆ ಅಂತ ಇನ್ನೂ ಏರಿಸ್ದೆ. ಅರ್ಧ ಬೆಂದಿದ್ದ ಇಳ್ಸಿದ್ರೆ ನಾಕು ಜನ ನಗಾಕಿಲ್ವಾ?"

"ಮಾವ, ಇದಕ್ಕೆ ದಂಟು ಇಲ್ಲ" ಎಂದಳು ಅವಳು.

ಆಮೇಲೆ ಹೊರಗಿನ ಕಲ್ಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಎಷ್ಟೋ ದಿನದ ಮೇಲೆ ಕೇಳಿದೆ. ತನಗೂ ತಿಳಿಯಲಿಲ್ಲ ಎಂದಳು. ಮಾವ ಮಾತ್ರ ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು, ತಪ್ಪು ಮಾಡಿದ ಮಗುವಿನಂತೆ ನಿಂತ. ದಂಟಿಲ್ಲದ್ದನ್ನು ಬೇಯಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಒಮ್ಮೆ ಒಲೆ ಹೊತ್ತಿಸಿದರೆ ಎಲೆಯ ದಂಟು ಒಣಗುವವರೆಗೆ ಅವನ ಕೈ ನಿಲ್ಲುತ್ತಿರಲಿಲ್ಲ.

ಒಳಗೆ ಟಕಟಕ ಸದ್ದು ಇನ್ನೂ ಇತ್ತು. ಮೊದಲು ಗಮನಿಸಿದವನು ಮಾವ.

"ಕೇಳವ್ವ. ಮೇಲಿನವು ಬದುಕವೆ."

ನಿಜ. ಕೆಳಗಿನ ಸಾಲು ಪೂರ್ತಿ ಹೋಗಿತ್ತು. ನಡುವಿನದರಲ್ಲಿ ಅರೆಬರೆ. ಮೇಲಿನ ಸಾಲು ಬಾಗಿದ ಮೈಯಲ್ಲೇ ಮಿನುಗುತ್ತಿತ್ತು. ತಣ್ಣಗಾದ ಮೇಲೆ ಇಳಿಸಿ, ಅಂಗಳದಲ್ಲಿ ಸಾಲಾಗಿ ಇಟ್ಟು, ಅವಳು ಒಂದೊಂದರ ಪೆಟ್ಟನ್ನೂ ಅಳೆದಳು. ಪೆಟ್ಟು ಕಡಿಮೆಯಾಗಿರಲಿಲ್ಲ. ಮಾವನಿಗೆ ಜೀವ ಬಂತು.

"ಇನ್ನೇನ್ ಯೋಚ್ನೆ? ಇಷ್ಟು ಬೆಂದು ಸಾಯ್ದಿದ್ದು ಆನೆಗೆ ಸಾಯ್ತದಾ? ಇವ್ನೇ ಕಳ್ಸು."

"ಹಾಗಲ್ಲ ಮಾವ. ಸಂತೆಯಲ್ಲಿ ಎತ್ತು ಕೊಳ್ಳೋವಾಗ ಒಂದು ಸುತ್ತು ಓಡಿಸಿ ನೋಡ್ತೀರಿ. ಹುಣಸೂರಿಂದ ಮೈಸೂರಿಗೆ ಓಡಿಸಿ ನೋಡ್ತೀರಾ?"

"ಅದ್ಯಾಕೆ ಓಡುಸ್ಲಿ?"

"ಓಡಿಸಿದಿರಿ ಅನ್ಕೊಳ್ಳಿ. ಎತ್ತು ಸಾಯ್ಲಿಲ್ಲ. ಗಟ್ಟಿ ಎತ್ತೇ. ಆದರೆ ಮಾರನೇ ದಿನ ನೇಗಿಲಿಗೆ ಕಟ್ಟಿದರೆ ಉಳುತ್ತೋ ಮಲಗುತ್ತೋ ಯಾರು ಹೇಳೋರು? ಮೆತ್ತಗಿರೋದು ಸಾಯೋಷ್ಟು ಬಿಸಿ ಬೇಕು ಮಾವ, ಗಟ್ಟಿಯಾಗಿರೋದು ಸುಸ್ತಾಗೋಷ್ಟು ಅಲ್ಲ."

ಮಾವ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಹೊಸದಾಗಿ ಅಷ್ಟು ಯಂತ್ರ ಮಾಡಿ, ಬೇಯಿಸಿ, ಕಳಿಸಲು ದಿನವಿರಲಿಲ್ಲ. ಹೊಲಗಳಲ್ಲಿ ತೆನೆ ಬರುತ್ತಿತ್ತು. ಕಳಿಸಿ ಅವು ಸತ್ತರೆ ಕಂಬದ ಕರೆಂಟು, ಕಳಿಸದಿದ್ದರೂ ಕಂಬದ ಕರೆಂಟು. ಆ ಸಂಜೆ ಬದುಕಿದ ಡಬ್ಬಗಳನ್ನು ಚೀಲಕ್ಕೆ ತುಂಬಿ ಬಸ್ಸು ಹತ್ತುವಾಗ, ಕಳಿಸಲು ಬಂದ ಮಾವನ ಎದುರೇ ಅವಳು, "ನಾಳೆ ರಜ ಹಾಕಿ ರೀ. ಇದ್ದದ್ದನ್ನ ಇದ್ದಂಗೆ ಹೇಳಿ ಬರೋಣ" ಎಂದಳು.

ಮಾರನೇ ದಿನ ಒಂದು ಜೀಪಿನಲ್ಲಿ ಸೊಟ್ಟ ಡಬ್ಬಗಳನ್ನು ತುಂಬಿಕೊಂಡು ಹೋದೆವು. ಬರುವುದಿಲ್ಲ ಎಂದಿದ್ದ ಮಾವ ಹುಣಸೂರು ಬಸ್ ನಿಲ್ದಾಣದಲ್ಲಿ ಕಂಬಳಿ ಹೊದ್ದು ಕಾಯುತ್ತಿದ್ದ. ಆ ಹಳ್ಳಿಯ ಅರಳಿಕಟ್ಟೆಯ ಮುಂದೆ ಜನ ಸೇರಿದರು. ನನ್ನ ಹೆಂಡತಿ ಒಂದು ಡಬ್ಬ ಎತ್ತಿ ಹಿಡಿದು ಬ್ಯಾರನ್ನಿನ ಕಥೆಯನ್ನು ಮೊದಲಿನಿಂದ ಹೇಳಿದಳು. ದಂಟಿನ ಭಾಗ ಬಂದಾಗ ಮೊದಲ ಹೊಲದ ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು, ಆಮೇಲೆ ತಡೆಯಲಾಗಲಿಲ್ಲ.

"ಅಂದ್ರೆ ನಿಮ್ಮ ಮಾವ ಮಿಷಿನ್ನ ಒಗೆಸೊಪ್ಪು ಮಾಡ್ಬುಟ್ರು ಅನ್ನು! ಸೇದಾಕೆ ಬತ್ತದಾ, ಬರೀ ಆನೆ ಓಡ್ಸಾಕಾ?"

ಕಟ್ಟೆಯೆಲ್ಲ ನಕ್ಕಿತು. ಮಾವನೂ ನಕ್ಕ, ನೆಲ ನೋಡುತ್ತ.

ನಗು ನಿಂತ ಮೇಲೆ ಹೆಂಡತಿ ಹೇಳಿದಳು. "ಇವು ನಡೀತಿವೆ. ಆದರೆ ಬೇಕಾದ್ದಕ್ಕಿಂತ ಜಾಸ್ತಿ ಬೆಂದಿವೆ. ಎಷ್ಟು ದಿನ ನಡೀತವೆ ಅಂತ ನಾನು ಮಾತು ಕೊಡಲಾರೆ. ಬೇಕೋ ಬೇಡವೋ ನೀವೇ ಹೇಳಿ. ಲೈನ್ ಕರೆಂಟು ಮಾತ್ರ ಬೇಡ."

ಹಿಂದಿನಿಂದ ಒಬ್ಬ ಗಂಡಸು, "ಮಾತು ಕೊಡಾಕಾಗ್ದೆ ಇರೋ ಮಿಷಿನ್ ಯಾವನಿಗೆ ಬೇಕು, ಕಂಬ ಅದೆ ಬುಡಿ" ಎಂದ. ಆ ತಾಯಿ ತಿರುಗಿ ಅವನನ್ನು ನೋಡಿದರು.

"ಲೇ, ನಿನ್ನ ಎಮ್ಮೆ ದಿನಾ ನನ್ನ ಬೇಲಿ ನುಗ್ತದಲ್ಲ, ಕಂಬದ ಕರೆಂಟ್ ಕೊಟ್ರೆ ಮೊದ್ಲು ಓಗೋದು ಅದೇ. ಕುಂತ್ಕೊ." ನಮ್ಮ ಕಡೆ ತಿರುಗಿ, "ಒಳ್ಳೇದು ಅಂತ ಏಳಿ ಸುಳ್ಳು ಮಾರೋರ್ನ ಬೇಕಾದಷ್ಟು ನೋಡಿವ್ನಿ. ಕೆಟ್ಟಿರ್ಬೌದು ಅಂತ ಏಳಿ ಮಾರೋಳ ಇವತ್ತೇ ನೋಡಿದ್ದು. ಜೋಡಿ ಜೋಡಿ ಕಟ್ಟಿ. ಒಂದು ನಡೀಲಿ, ಒಂದು ಪಕ್ಕದಲ್ಲಿರ್ಲಿ. ಟಕ್ ಅನ್ನೋದು ನಿಂತ್ರೆ ತಂತಿ ಬದ್ಲಾಯಿಸ್ಬೇಕು. ಅಟ್ಟಣೇಲಿ ಕುಂತು ಕೇಳಾಕೆ ಒಂದು ಕಿವಿ ಬೇಕು, ಅಷ್ಟೇ."

"ಆ ಕಿವಿ ನಂದು" ಎಂದ ಮಾವ. ಆಗ ಕಂಬಳಿಯ ಅರ್ಥ ನಮಗಾಯಿತು. "ಬೇಯಿಸ್ದೋನು ನಾನು. ಕೊಯ್ಲಾಗೋಗಂಟ ನಾನೇ ಕಾಯ್ತೀನಿ."

"ಆನೆ ನೋಡಿದ್ದೀರಾ ಯಜಮಾನ್ರೇ?"

"ದಸರದಲ್ಲಿ ನೋಡಿವ್ನಿ."

"ನಮ್ಮವ್ಕೆ ಬಣ್ಣ ಬಳ್ದಿರಾಕಿಲ್ಲ" ಎಂದರು ಆ ತಾಯಿ.

ಮಾವ ಅಲ್ಲೇ ಉಳಿದ. ಅವರ ಮನೆಯಲ್ಲೇ ಊಟ. ನಾನು ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ನೋಡಿ ಬರುತ್ತಿದ್ದೆ. ಎರಡನೆಯ ಶನಿವಾರವೋ ಮೂರನೆಯದೋ, ನೆನಪು ಅಷ್ಟು ಖಚಿತವಿಲ್ಲ, ನಾನು ಹೊಲ ಕಾಯುವ ಅಟ್ಟಣೆಯ ಮೇಲೆ ಮಾವನ ಪಕ್ಕ ಕೂತಿದ್ದೆ. ಸೂರ್ಯ ಮುಳುಗಿ ಇನ್ನೂ ಬೆಳಕಿತ್ತು. ಕೆಳಗೆ ಆ ತಾಯಿ ಹಸುವಿಗೆಂದು ಬದುವಿನ ಹುಲ್ಲು ಕೊಯ್ಯುತ್ತಿದ್ದರು.

ಮುಂದಿನದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಕಾಡಿನ ಅಂಚಿನಲ್ಲಿ ಒಂದು ಪೊದೆ ಅಲುಗಿತು. ಗಾಳಿ ಇರಲಿಲ್ಲ. ಆಮೇಲೆ ಪೊದೆಯ ಹಿಂದಿನ ಬಂಡೆ ಎಂದು ನಾನು ಆವರೆಗೂ ತಿಳಿದಿದ್ದದ್ದು ಮುಂದೆ ಬಂತು. ಒಂಟಿ ಗಂಡಾನೆ. ಸದ್ದೇ ಇಲ್ಲದೆ ಬಂತು, ಅದು ನನಗೆ ಎಲ್ಲಕ್ಕಿಂತ ಹೆದರಿಕೆ ತಂದ ಸಂಗತಿ. ಬೇಲಿಯ ಹತ್ತಿರ ನಿಂತಿತು. ಸೊಂಡಿಲನ್ನು ತಂತಿಯ ಸಮೀಪ ತಂದು, ಮುಟ್ಟದೆ, ಈ ಕಡೆಯಿಂದ ಆ ಕಡೆಗೆ ಮೂಸಿತು. ನಮ್ಮ ಅಟ್ಟಣೆಯ ಕೆಳಗೆ ಸೊಟ್ಟ ಡಬ್ಬ ಟಕ್ ಎನ್ನುತ್ತಿತ್ತು. ಪ್ರತಿ ಟಕ್ಕಿನ ನಡುವೆ, ಮುಂದಿನದು ಬರುತ್ತದೆಯೇ ಎಂದು ನಾನು ಕಾದೆ. ಮಾವ ನನ್ನ ಮುಂಗೈ ಹಿಡಿದಿದ್ದ. ಆನೆ ಸೊಂಡಿಲ ತುದಿಯಿಂದ ತಂತಿ ಮುಟ್ಟಿತು. ಪೆಟ್ಟು ಬಿದ್ದದ್ದು ನನಗೆ ಕಾಣಿಸಲಿಲ್ಲ. ಸೊಂಡಿಲು ಮೇಲಕ್ಕೆ ಹಾರಿದ್ದು ಕಂಡಿತು, ಅದರ ಜೊತೆಗೇ ಬಂದ ಕೂಗು ಅಟ್ಟಣೆಯ ಬಿದಿರಿನಲ್ಲಿ ಅದುರಿತು. ಅದು ಹಿಂದೆ ಸರಿಯಿತು. ಹೋಗಲಿಲ್ಲ. ಬೇಲಿಯ ಉದ್ದಕ್ಕೆ ನಡೆದು ದೂರದಲ್ಲಿ ಇನ್ನೊಂದು ಕಡೆ ನಿಂತು ಮತ್ತೆ ಮುಟ್ಟಿತು. ಮತ್ತೆ ಅದೇ ಕೂಗು. ಈ ಸಲ ತಿರುಗಿ ಕಾಡಿನೊಳಕ್ಕೆ ಹೋಯಿತು. ಹೋಗುವಾಗ ಮಾತ್ರ ಸದ್ದಾಯಿತು, ಮರದ ಕೊಂಬೆಗಳು ಮುರಿದವು.

"ಮೇಷ್ಟ್ರೇ, ಇಳೀರಿ" ಎಂದು ಕೆಳಗಿನಿಂದ ಆ ತಾಯಿ ಕೂಗಿದರು. ಕುಡುಗೋಲು ಅವರ ಕೈಯಲ್ಲೇ ಇತ್ತು. "ಆನೆ ಓಯ್ತು, ನೀವಿನ್ನೂ ನಡುಗ್ತಾ ಇದ್ದೀರಲ್ಲ."

"ನಾನಲ್ಲ ತಾಯಿ, ಅಟ್ಟಣೆ ನಡುಗ್ತಿದೆ."

"ಅಟ್ಟಣೆ ನಡುಗ್ತಿರೋದು ನನ್ನಿಂದ ಕಣ್ಲಾ" ಎಂದ ಮಾವ. ಹಾಗೆಂದು, ನನ್ನ ಕೈ ಬಿಟ್ಟು, ಬಗ್ಗಿ ಡಬ್ಬದ ಕಡೆ ನೋಡಿ, "ಬೆಂದದೆ ಕಣ್ಲಾ, ಚೆನ್ನಾಗಿ ಬೆಂದದೆ" ಎಂದ. ಮನೆಗೆ ಬಂದು ಅಂಗಿಯ ತೋಳು ಮಡಚಿದಾಗ ಅವನ ಉಗುರಿನ ಗುರುತು ಇತ್ತು. ಆ ಕೂಗು ಈಗಲೂ ಒಮ್ಮೊಮ್ಮೆ ನನಗೆ ಕೇಳುತ್ತದೆ.

ಕೊಯ್ಲು ಮುಗಿಯುವುದರೊಳಗೆ ಕೆಟ್ಟು ನಿಂತದ್ದು ಒಂದೇ ಒಂದು ಯಂತ್ರ. ಬೆಳಗಿನ ಜಾವ ಅಲ್ಲ, ಹಗಲು ಹೊತ್ತಿನಲ್ಲೇ, ಮಾವ ಮುದ್ದೆ ಉಣ್ಣುತ್ತಿದ್ದಾಗ. ಎಂಜಲು ಕೈಯಲ್ಲೇ ಎದ್ದು ಹೋಗಿ ಪಕ್ಕದ್ದಕ್ಕೆ ತಂತಿ ಬದಲಾಯಿಸಿದನಂತೆ. ಕಂಬದ ಕರೆಂಟಿನ ಮಾತು ಆ ವರ್ಷ ಮತ್ತೆ ಬರಲಿಲ್ಲ. ರಾಗಿ ಕಣಕ್ಕೆ ಬಂತು.

ಮುಂದಿನ ವರ್ಷ ನನ್ನ ಹೆಂಡತಿ ಮೊದಲೇ ಸಿದ್ಧಳಾದಳು. ಗಟ್ಟಿಯಾದ ಡಬ್ಬ, ಡಾಂಬರಿನ ಬದಲು ಬಿಸಿಗೆ ಇಳಿಯದ ರಾಳ. ಕೊನೆಯ ಎಲೆ ಇಳಿದ ಮೇಲೆ ಬ್ಯಾರನ್ನಿನಲ್ಲಿ ತೂಗುಹಾಕಿ, ಉರಿ ನೋಡಲು ತಾನೇ ಅಲ್ಲಿ ಉಳಿದಳು. ಮಾವ ಕೆಲಸದಿಂದ ತೆಗೆದುಹಾಕಲ್ಪಟ್ಟ ಗುಮಾಸ್ತನ ಮುಖ ಮಾಡಿಕೊಂಡು ಸೌದೆ ಮಾತ್ರ ತಂದುಕೊಡುತ್ತಿದ್ದ. ಮೊದಲ ತಂಡ ಬೆಂದು ಇಳಿದಾಗ ಡಬ್ಬಗಳು ಹಾಕಿದಾಗ ಹೇಗಿದ್ದವೋ ಹಾಗೇ ನೆಟ್ಟಗಿದ್ದವು. ಎರಡನೆಯ ತಂಡ ತೂಗುಹಾಕಿದ ದಿನವೇ, ಯಂತ್ರ ಒಯ್ಯಲು ಆ ತಾಯಿ ಬಂದರು. ಒಂದನ್ನು ಕೈಗೆತ್ತಿಕೊಂಡು ಅತ್ತ ಇತ್ತ ತಿರುಗಿಸಿ ವಾಪಸು ಇಟ್ಟರು.

"ಇದು ಬ್ಯಾಡ ಕಣವ್ವ. ಸೊಟ್ಟದ್ದು ಕೊಡು."

"ಸೊಟ್ಟದ್ದು ಈ ಸಲ ಇಲ್ಲಮ್ಮ. ಇವು ಅದಕ್ಕಿಂತ ಒಳ್ಳೇವು."

"ನೆಟ್ಟಗದೆಯಲ್ಲ, ಇದು ಬೆಂದಿಲ್ಲ. ಬೆಂದಿದ್ರೆ ಸೊಟ್ಟಗಾಗ್ಬೇಕಿತ್ತು. ನಮ್ಮೂರಲ್ಲಿ ಎಲ್ರೂ ಏಳಿ ಕಳ್ಸವ್ರೆ, ಸೊಟ್ಟದ್ದೇ ತಕಂಡ್ ಬಾ ಅಂತ. ನೆಟ್ಟಗಿರೋವ್ನ ತಕಂಡೋದ್ರೆ, ಮೊದ್ಲು ಸತ್ತ ನಾಕರ ಸಂತಾನ ಅಂತಾರೆ. ಕಂಬದ ಮಾತು ಮತ್ತೆ ಎತ್ತಿದ್ರೆ ನಾನೇನ್ ಏಳ್ಲಿ?"

ಹೆಂಡತಿ ಸಂತೆಯ ಎತ್ತಿನ ಕಥೆ ಹೇಳಿದಳು, ಬಿಸಿಯ ಅಳತೆ ಹೇಳಿದಳು, ಮೆತ್ತಗಿರುವುದು ಮತ್ತು ಗಟ್ಟಿಯಾಗಿರುವುದು ಹೇಳಿದಳು. ಆ ತಾಯಿ ತಲೆಯಾಡಿಸಿ ಎಲ್ಲವನ್ನೂ ಕೇಳಿ, ಕೊನೆಗೆ, "ಸರಿ, ಸೊಟ್ಟದ್ದು ಯಾವಾಗ ಮಾಡ್ತೀಯಾ?" ಎಂದರು. ಸೌದೆ ಹೊತ್ತು ಬಂದ ಮಾವ ಆ ಮಾತು ಕೇಳಿ ಮೀಸೆ ತೀಡಿಕೊಂಡ. ನನ್ನ ಹೆಂಡತಿಗೆ ಅದನ್ನು ನೋಡಿಯೇ ಸಿಟ್ಟು ಬಂದಿರಬೇಕು. ಆ ತಾಯಿಯ ಕೈ ಹಿಡಿದು ಕರೆದುಕೊಂಡು ಹೋಗಿ ಗಾಜಿನ ಮುಂದೆ ನಿಲ್ಲಿಸಿದಳು.

"ನೋಡಿ."

ಅವರು ಕಣ್ಣಿಟ್ಟರು. "ಅಯ್ಯೋ! ಏಸೊಂದ್ ಮಿಂಚುಳ!"

"ಎಲ್ಲಾ ಮಿನುಗ್ತಾ ಇವೆಯಾ?"

"ಎಲ್ಲಾ ಮಿನುಗ್ತಾವೆ."

"ಯಾವುದಾದರೂ ಒಂದು ಆರುತ್ತೆ. ನೋಡ್ತಾ ಇರಿ."

ಅವರು ಮೊದಲು ನಿಂತು ನೋಡಿದರು. ಆಮೇಲೆ ಮಾವ ಒಂದು ಮಣೆ ತಂದು ಗೋಡೆಯ ಪಕ್ಕದ ಕಲ್ಲಿನ ಮೇಲೆ ಹಾಕಿದ, ಅದರ ಮೇಲೆ ಕೂತು ನೋಡಿದರು. ಊಟಕ್ಕೆ ಕರೆದರೆ, "ಯಾವ್ದು ಸಾಯ್ತದೋ ನೋಡ್ಬುಟ್ಟೇ ಬತ್ತೀನಿ" ಎಂದರು. ಮಾವನ ಮನೆಯಾಕೆ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟಳು. ಮಧ್ಯಾಹ್ನ ಇಳಿಯಿತು. ಮಾವ ಪಕ್ಕದಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡ. ನನ್ನ ಹೆಂಡತಿ ಒಲೆಯ ಹತ್ತಿರ ನಿಂತು ಮುಖ ಊದಿಸಿಕೊಂಡಿದ್ದಳು. ಅವಳ ಯಂತ್ರಗಳು ಆ ದಿನ ಒಂದೂ ಸಾಯುವ ಲಕ್ಷಣ ತೋರಿಸಲಿಲ್ಲ, ಅದೇ ಅವಳಿಗೆ ಚಿಂತೆಯಾಗಿತ್ತು. ಯಂತ್ರ ಸಾಯಲಿ ಎಂದು ಅವಳು ಹರಸಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದನಗಳು ಹಟ್ಟಿಗೆ ಬರುವ ಹೊತ್ತಿಗೆ ಗೋಡೆಯ ಕಡೆಯಿಂದ ಕೂಗು ಬಂತು.

"ಓಯ್ತು! ಒಂದ್ ಓಯ್ತು! ನಡೂ ಸಾಲು, ಎಡಗಡೆ! ಬಾರವ್ವಾ ಬೇಗ, ಸತ್ತೋಯ್ತು!"

ನಾವೆಲ್ಲ ಓಡಿದೆವು. ಗಾಜು ಸಣ್ಣದು, ಒಬ್ಬರ ತಲೆಗೆ ಒಬ್ಬರ ತಲೆ ತಾಗಿತು. ನನ್ನ ಸರದಿ ಬಂದಾಗ ನೋಡಿದೆ. ನಡುವಿನ ಸಾಲಿನಲ್ಲಿ ಎಡಗಡೆ, ಎಲ್ಲ ಮಿನುಗುವ ನಡುವೆ, ಒಂದು ಜಾಗ ಕಪ್ಪಗಿತ್ತು.

ಆ ತಾಯಿ ಮಣೆಯಿಂದ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು. ಮುಖದಲ್ಲಿ ಗೆದ್ದವರ ಕಳೆ.

"ಇದು ನನ್ನ ಒಲ್ದಲ್ಲಿ ಸಾಯ್ಬೇಕಾಗಿತ್ತು, ಅಲ್ವೇನವ್ವ?"

"ಹೌದಮ್ಮ."

"ಇಲ್ಲೇ ಸತ್ತೋಯ್ತು."

"ಹೌದು."

"ಸರಿ ಮತ್ತೆ. ನೆಟ್ಟಗಿರೋವ್ನೇ ಕಟ್ಕೊಡು. ಕೇಳಿದೋರ್ಗೆ ಏಳ್ತೀನಿ, ಸೊಟ್ಟಗಾಗೋದಲ್ಲ ಕಣ್ರಪ್ಪ, ಸಾಯೋದ್ನ ಕಣ್ಣಾರೆ ಕಂಡ್ ಬಂದಿವ್ನಿ ಅಂತ."

ನನ್ನ ಹೆಂಡತಿ ಮೊದಲೇ ಬೆಂದು ಇಳಿದಿದ್ದ ಯಂತ್ರಗಳನ್ನು ಚೀಲಕ್ಕೆ ತುಂಬತೊಡಗಿದಳು. ಮಾವ ಚೀಲದ ಬಾಯಿ ಹಿಡಿದ. ಆ ತಾಯಿ ಬಸ್ಸಿಗೆ ಹೊತ್ತಾಯಿತು ಎನ್ನುತ್ತಲೇ ಮತ್ತೊಮ್ಮೆ ಗಾಜಿನ ಹತ್ತಿರ ಹೋಗಿ, ಇನ್ನೊಂದು ಆರುವುದೇನೋ ಎಂದು ನೋಡುತ್ತ ನಿಂತರು.